ಧೈರ್ಯಕ್ಕೆ ಎಷ್ಟು ಹಾಕಲಿ?

ನಾನು ವಿಡಿಯೋ ಗೇಮ್ ಆಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕೋತಗಿರಿ ಬಜಾರಿನಲ್ಲಿ ಉಲ್ಲನ್ ಅಂಗಡಿ ಇಟ್ಟುಕೊಂಡು, ಸಂಜೆಯಾದರೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವ ಹೆಂಗಸೊಬ್ಬಳು ಕತ್ತಿ ಹಿಡಿದು ರಾಕ್ಷಸರ ಹಿಂದೆ ಓಡುತ್ತಾಳೆ ಎಂದು ನಡುವೆ ಗೊತ್ತಾದರೆ ನೀವು ಗಾಬರಿಯಾಗಬಹುದು. ತಪ್ಪು ನನ್ನದಲ್ಲ, ನಮ್ಮನೆಯವರದು. ಮುಚ್ಚಿಹೋಗುತ್ತಿದ್ದ ಒಂದು ರೆಸಾರ್ಟಿನವರು ಹಳೆ ಸಾಮಾನು ಮಾರುತ್ತಿದ್ದಾಗ ಕಪ್ಪು ಪೆಟ್ಟಿಗೆಯೊಂದನ್ನು ರೂಮ್ ಹೀಟರ್ ಎಂದುಕೊಂಡು ಹೊತ್ತು ತಂದರು. ಆನ್ ಮಾಡಿ ಅದರ ಮುಂದೆ ಅಂಗೈ ಒಡ್ಡಿಕೊಂಡು ಬಹಳ ಹೊತ್ತು ಕೂತಿದ್ದರು. ಕೊನೆಗೆ ಟೀವಿಗೆ ಸಿಕ್ಕಿಸಿ ನೋಡಿದವಳು ನಾನು.

ಆ ಆಟದಲ್ಲಿ ರಾಕ್ಷಸರಿಗಿಂತ ಹೆಚ್ಚಾಗಿ ನನ್ನನ್ನು ಹೆದರಿಸುವುದು ಆಟ ಶುರುವಾಗುವ ಮುಂಚಿನ ಪರದೆ. ಕತ್ತಲಲ್ಲಿ ಒಂದು ಬೊಂಬೆ ನಿಂತಿರುತ್ತದೆ. ಅದಕ್ಕೆ ಮುಖ ಇರುವುದಿಲ್ಲ, ನಾವೇ ಕೊಡಬೇಕು. ಪಕ್ಕದಲ್ಲಿ ಬಲ, ಚುರುಕು, ಬುದ್ಧಿ, ವರ್ಚಸ್ಸು, ಧೈರ್ಯ, ಅದೃಷ್ಟ ಎಂದೆಲ್ಲ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ನಮ್ಮ ಕೈಗೆ ಒಂದಿಷ್ಟು ಅಂಕ ಕೊಟ್ಟು ಹಂಚು ಎನ್ನುತ್ತಾರೆ. ಒಂದಕ್ಕೆ ಹೆಚ್ಚು ಹಾಕಿದರೆ ಇನ್ನೊಂದಕ್ಕೆ ಕೊರತೆ. ನಾವು ಹಂಚಿ ಮುಗಿಸುವವರೆಗೂ ಆ ಬೊಂಬೆ ಉಸಿರಾಡುತ್ತಾ ಕಾಯುತ್ತದೆ. ಮೂಗಿಲ್ಲದ್ದು ಹೇಗೆ ಉಸಿರಾಡುತ್ತದೆ ಎಂದು ಕೇಳಬೇಡಿ. ಎದೆ ಏರಿಳಿಯುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಮೊದಲ ಸಲ ನಾನು ಬೊಂಬೆಗೆ ನನ್ನದೇ ಹೆಸರಿಟ್ಟು ಧೈರ್ಯಕ್ಕೆ ಧಾರಾಳವಾಗಿ ಸುರಿದೆ. ಹಿಂದೆ ಪೇಪರ್ ಓದುತ್ತಿದ್ದ ನಮ್ಮನೆಯವರು ಕನ್ನಡಕದ ಮೇಲಿಂದ ನೋಡಿದರು.

"ಜಿರಲೆ ಕಂಡ್ರೆ ಸ್ಟೂಲ್ ಹತ್ತೋಳು ನೀನು. ಅದನ್ನ ಕಮ್ಮಿ ಮಾಡು."

"ಇದು ಆಟ ರೀ."

"ಆಟ ಅಂದ್ಮೇಲೆ ನಿನ್ನ ಹೆಸ್ರು ಯಾಕಿಟ್ಟೆ?"

ಅವತ್ತಿನಿಂದ ತಲೆಯಲ್ಲಿ ಒಂದು ಹುಳ ಕೊರೆಯತೊಡಗಿತು. ಇಂಥ ಆಟಗಳಲ್ಲಿ ಈ ಗುಣಗಳ ಲೆಕ್ಕ ಯಾಕಿರಬೇಕು? ಅಂಗಡಿಗೆ ಬರುವ ಕಾಲೇಜು ಹುಡುಗಿಯರನ್ನು ವಿಚಾರಿಸಿದರೆ, ಲೆಕ್ಕವೇ ಇಲ್ಲದ ಆಟಗಳೂ ಇವೆಯಂತೆ. ಅಲ್ಲಿ ಓಡಿದಷ್ಟೂ ಓಟ ಬಲಿಯುತ್ತದೆ, ಬಿದ್ದಷ್ಟೂ ಮೈ ಗಟ್ಟಿಯಾಗುತ್ತದೆ, ಮೊದಲೇ ಯಾರೂ ಹಣೆಬರಹ ಬರೆದಿರುವುದಿಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ. ಆದರೆ ಒಂದು ಮಾತು ಒಪ್ಪಬೇಕು. ಲೆಕ್ಕ ಇರುವ ಆಟದಲ್ಲೇ ಬೊಂಬೆಗೆ ಬೇಗ ಜೀವ ಬಂದಂತಾಗುತ್ತದೆ. ಇವನು ಬಲಶಾಲಿ ಆದರೆ ಅಂಜುಬುರುಕ ಎಂದ ಕೂಡಲೇ ಯಾರೋ ಪರಿಚಯದವರ ನೆನಪಾಗುತ್ತದಲ್ಲ, ಹಾಗೆ.

ಮನುಷ್ಯರನ್ನು ಹೀಗೆ ಜರಡಿ ಹಿಡಿಯುವುದು ನನಗೆ ಹೊಸದೇನಲ್ಲ. ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ಗುತ್ತಿಗೆ ನೆಲದಲ್ಲಿ ಆಲೂಗಡ್ಡೆ ಬೆಳೆದವರು. ಕಿತ್ತ ಗೆಡ್ಡೆಯನ್ನು ದಪ್ಪ, ನಡು, ಗೋಲಿ ಎಂದು ವಿಂಗಡಿಸಿ ಮೇಟ್ಟುಪಾಳ್ಯದ ಮಂಡಿಗೆ ಕಳಿಸುತ್ತಿದ್ದರು. ಅದೇ ಅಭ್ಯಾಸದಲ್ಲಿ ಮಕ್ಕಳನ್ನೂ ವಿಂಗಡಿಸಿದ್ದರು. ಅಣ್ಣ ದಪ್ಪ, ಅಕ್ಕ ನಡು, ನಾನು ಗೋಲಿ. ನೆಂಟರ ಮುಂದೆ "ಇವಳು ನಮ್ಮ ಗೋಲಿ" ಎಂದೇ ಪರಿಚಯ ಮಾಡಿಸುತ್ತಿದ್ದರು. ಪ್ರೀತಿಯಿಂದಲೇ. ಆದರೂ ಇವತ್ತಿಗೂ ಯಾರಾದರೂ ಸಣ್ಣ ಆಲೂಗಡ್ಡೆಯ ಹುಳಿ ಬಡಿಸಿದರೆ ನನಗೆ ಸ್ವಲ್ಪ ಬೇಜಾರಾಗುತ್ತದೆ.

ಅಮ್ಮನ ಅಂಜಿಕೆಯೇ ಬೇರೆ. ನಮ್ಮೂರಿನ ಮಂಜು ಎಂಥದೆಂದು ಬಯಲಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಮುಂದೆ ಬರುವವರ ಕಾಲು ಮೊದಲು ಕಾಣುತ್ತದೆ, ಮುಖ ಆಮೇಲೆ. ಒಮ್ಮೊಮ್ಮೆ ಮುಖ ಕಾಣುವ ಮೊದಲೇ ಕಾಲು ಬೇರೆ ಕಡೆ ತಿರುಗಿಬಿಡುತ್ತದೆ, ಯಾರಿದ್ದರೋ ಗೊತ್ತೇ ಆಗುವುದಿಲ್ಲ. ಮಂಜಿನೊಳಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೆ ಓ ಎನ್ನಬಾರದು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಬದುಕಿರುವವರು ಎರಡನೇ ಸಲ ಕರೆಯುತ್ತಾರೆ, ಉಳಿದವರಿಗೆ ಒಂದೇ ಸಲ ಕರೆಯುವಷ್ಟು ದನಿ. ನಾನು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೆ ಇವತ್ತಿಗೂ ಮೊದಲ ಸಲಕ್ಕೆ ಓ ಎನ್ನುವುದಿಲ್ಲ.

ಇದನ್ನು ತಿಳಿದು ನಡೆಯುತ್ತಿದ್ದವರು ಭೋಜಣ್ಣ ಒಬ್ಬರೇ. ಕೂಕಲ್ತೊರೈ ಹತ್ತಿರದ ಹಟ್ಟಿಯವರು, ಈ ಬೆಟ್ಟಗಳ ಬಡಗ ಜನ, ಸ್ವಲ್ಪ ಟೀ ತೋಟ ಇದ್ದವರು. ನಮ್ಮಪ್ಪನ ಆಲೂಗಡ್ಡೆ ಹೊಲಕ್ಕೂ ಅವರ ತೋಟಕ್ಕೂ ನಡುವೆ ಒಂದು ಬೇಲಿ ಅಷ್ಟೇ. ಬಜಾರಿಗೆ ಬಂದರೆ ಅಂಗಡಿಗೆ ಬಾರದೆ ಹೋಗುತ್ತಿರಲಿಲ್ಲ. ಮಂಜಿದ್ದರೆ ದೂರದಿಂದಲೇ ಉಸಿರು ಬಿಡದೆ "ಅಕ್ಕಾ ಅಕ್ಕಾ" ಎಂದು ಎರಡು ಸಲ ಕೂಗಿಕೊಂಡೇ ಬರುವರು. ಮೆತ್ತಗಿನ ಮನುಷ್ಯ. ಯಾರ ಜೊತೆಗೂ ಜಗಳವಿಲ್ಲ. ಫ್ಯಾಕ್ಟರಿಯಲ್ಲಿ ಎಲೆ ಚೆನ್ನಾಗಿಲ್ಲ ಎಂದು ವಾಪಸು ಮಾಡಿದರೆ, ಎದುರಾಡದೆ ಮತ್ತೆ ಹೊತ್ತುಕೊಂಡು ಬರುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರು ತೋಟದಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಬಡಗರ ಸಾವಿನಲ್ಲಿ ಒಂದು ಪದ್ಧತಿ ಇದೆ. ಹೆಣದ ತಲೆಯ ಹತ್ತಿರ ಹಿರಿಯರೊಬ್ಬರು ನಿಂತು, ಲೋಕದಲ್ಲಿ ಮನುಷ್ಯ ಮಾಡಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಗಡಿಕಲ್ಲು ಸರಿಸಿದ್ದು, ಹಾವು ಕೊಂದಿದ್ದು, ದಾರಿ ಕೇಳಿದವರಿಗೆ ತಪ್ಪು ತೋರಿಸಿದ್ದು. ಪ್ರತಿಯೊಂದಕ್ಕೂ ಸುತ್ತ ನಿಂತವರೆಲ್ಲ "ಅದು ಪಾಪ" ಎನ್ನುತ್ತಾರೆ. ಸತ್ತವನು ಅದನ್ನು ಮಾಡಿದ್ದನೋ ಇಲ್ಲವೋ ಯಾರೂ ನೋಡುವುದಿಲ್ಲ. ಪ್ರತಿಯೊಬ್ಬರಿಗೂ ಎಲ್ಲವನ್ನೂ ಹೇಳುತ್ತಾರೆ. ಹಿಂದೆ ಆ ಪಾಪವನ್ನು ಒಂದು ಕರುವಿನ ಮೇಲೆ ಹೊರಿಸಿ ಬಿಡುತ್ತಿದ್ದರಂತೆ, ಈಗ ಹೆಚ್ಚಿನ ಕಡೆ ಮಾತಷ್ಟೇ ಉಳಿದಿದೆ. ಹೇಳಿ ಮುಗಿಸಿದ ಮೇಲೆ ಹೋದವರು ಆ ಲೋಕಕ್ಕೆ ಹೋಗುವ ನೂಲಿನ ಸೇತುವೆಯನ್ನು ದಾಟುತ್ತಾರೆ ಎಂದು ನಂಬಿಕೆ. ನೂಲಿನದು ಎಂದರೆ ನೂಲಿನದೇ, ಒಂದೇ ಎಳೆ.

ಭೋಜಣ್ಣನಿಗೆ ಇದನ್ನು ಹೇಳಲು ನಿಂತವರು ಅವರ ಚಿಕ್ಕಪ್ಪ, ಹಟ್ಟಿಗೆಲ್ಲ ಅಜ್ಜ. ನಾನೂ ಗುಂಪಿನಲ್ಲಿದ್ದೆ. ಅರ್ಧ ಆಗಿತ್ತು. ಜೊತೆಯಲ್ಲಿ ಬಂದವರನ್ನು ನಡುದಾರಿಯಲ್ಲಿ ಬಿಟ್ಟು ಬಂದದ್ದು ಎಂದು ಅಜ್ಜ ಹೇಳಿದರು. ಜನ ಬಾಯಿ ತೆರೆಯುವಷ್ಟರಲ್ಲಿ ಭೋಜಣ್ಣನ ಮಗಳು ಸುಮತಿ ಚೀರಿದಳು.

"ನಿಲ್ಸಿ! ನಮ್ಮಪ್ಪ ಏನೂ ಮಾಡಿಲ್ಲ. ಒಂದು ಪಾಪಾನೂ ಮಾಡಿಲ್ಲ. ಹೇಳಬೇಡಿ!"

"ಇದು ನಿನ್ನಪ್ಪನ ಲೆಕ್ಕ ಅಲ್ಲಮ್ಮ, ಎಲ್ಲಾರದ್ದು" ಎಂದು ಅಜ್ಜ ಸಮಾಧಾನ ಹೇಳಿದರು. ಅವಳು ಹೆಣದ ಮೇಲೆ ಬಿದ್ದು ಅಡ್ಡ ಮಲಗಿಬಿಟ್ಟಳು. ಒಬ್ಬಳೇ ಮಗಳು, ಕೂನೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಓದಿದ ಹುಡುಗಿ. ಅಜ್ಜ ಸುಮ್ಮನೆ ಕೈಮುಗಿದು ಹಿಂದೆ ಸರಿದರು. ಉಳಿದದ್ದನ್ನು ಹೇಳಲಿಲ್ಲ. ಜನ ಮುಖ ಮುಖ ನೋಡಿಕೊಂಡರು.

ಆಮೇಲೆ ಸುಮತಿ ಕೆಲಸಕ್ಕೆ ಹೋಗುವುದನ್ನೇ ಬಿಟ್ಟಳು. ಊಟ ಇಲ್ಲ, ಮಾತಿಲ್ಲ. ನೋಡಲಾರದೆ ನನ್ನ ಪೆಟ್ಟಿಗೆಯನ್ನು ಕೊಟ್ಟುಬಂದೆ, ನಾಲ್ಕು ರಾಕ್ಷಸರನ್ನು ಹೊಡೆದರೆ ಮನಸ್ಸು ಹಗುರಾಗುತ್ತದೆ ಎಂದು. ಲೋಕದಲ್ಲಿ ಇಂಥ ಔಷಧಿ ಕೊಡುವವಳು ನಾನೊಬ್ಬಳೇ ಇರಬೇಕು.

ಕೆಲವು ವಾರಗಳ ನಂತರ ಅವಳ ತಾಯಿ ಮಾದಿ ಫೋನ್ ಮಾಡಿದಳು. (ಇವರದು ಬಡಗ ಮಾತು. ಕಿವಿಗೊಟ್ಟರೆ ನಿಮಗೆ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ಅವರ ಮುಖ ನೋಡಬೇಕು. ನಾನು ನನ್ನ ಕನ್ನಡದ ಕಡೆ ಎಳೆದುಕೊಂಡು ಬರೆಯುತ್ತಿದ್ದೇನೆ.)

"ಅಕ್ಕ, ನಿಮ್ಮ ಪೆಟ್ಟಿಗೆ ವಾಪಸ್ ತಗೊಂಡು ಹೋಗಿ. ಮನೇಲಿ ನಡೆಯೋ ಸದ್ದು ನಿಲ್ತಾ ಇಲ್ಲ."

"ಯಾರು ನಡೆಯೋದು ಮಾದಿ?"

"ಬಂದು ನೋಡಿ. ನಾನು ಆ ಹೆಸರು ಹೇಳಲ್ಲ."

ಮಧ್ಯಾಹ್ನದ ಬಸ್ಸಿಗೆ ಹೋದೆ. ಹಟ್ಟಿಗೆ ಇಳಿಯುವ ದಾರಿಯ ತುಂಬ ಮಂಜು. ಮನೆಯ ಬಾಗಿಲಲ್ಲಿ ಅವರ ನಾಯಿ ಒಳಕ್ಕೆ ಬೆನ್ನು ಹಾಕಿ ಕೂತಿತ್ತು. ನನ್ನ ಕಂಡರೆ ಮೈಮೇಲೆ ಬೀಳುವ ನಾಯಿ ಬಾಲ ಕೂಡ ಆಡಿಸಲಿಲ್ಲ. ಒಳಗಿಂದ ಜಲ್ಲಿಯ ಮೇಲೆ ಯಾರೋ ನಿಧಾನವಾಗಿ ನಡೆಯುವ ಸದ್ದು ಬರುತ್ತಿತ್ತು. ಎಡಗಾಲು ತುಸು ಎಳೆಯುವ ನಡಿಗೆ. ಅದು ಯಾರದೆಂದು ನನಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ ಚಪ್ಪಲಿ ಬಿಡುತ್ತಾ "ಭೋಜಣ್ಣ ಇದ್ದೀರಾ" ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ.

ಸುಮತಿ ಚಾಪೆಯ ಮೇಲೆ ಕೂತಿದ್ದಳು. ಟೀವಿಯಲ್ಲಿ ಅವಳಪ್ಪ ಇದ್ದರು.

ಆ ಆಟದಲ್ಲಿ ಮುಖವನ್ನು ಬೇಕಾದಂತೆ ತಿದ್ದಬಹುದು. ಮೂಗು ಉದ್ದ ಮಾಡಬಹುದು, ಗಲ್ಲ ಒಳಗೆ ತಳ್ಳಬಹುದು. ನಾನು ನನ್ನದನ್ನು ಸ್ವಲ್ಪ ತೆಳ್ಳಗೆ ಮಾಡಿಕೊಂಡಿದ್ದೆ, ಅಷ್ಟೇ. ಇವಳು ದಿನವೆಲ್ಲ ಕೂತು ಹುಬ್ಬಿನ ಮೇಲಿನ ಗಾಯದ ಗೆರೆಯವರೆಗೆ ಅಪ್ಪನನ್ನು ತಂದು ನಿಲ್ಲಿಸಿದ್ದಳು. ಮೈಮೇಲೆ ಬಿಳಿ ಹೊದಿಕೆ. ಕುಂಟು ನಡಿಗೆಯನ್ನು ಆಟದಲ್ಲಿ ಕೊಡಲು ಬರುವುದಿಲ್ಲ ಎಂದು ನನಗೆ ಗೊತ್ತು. ಅದು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ, ಈಗಲೂ ಕೇಳಿಲ್ಲ.

ಅವರ ಮುಂದೆ ಪಾತಾಳದಂಥ ಕಮರಿ. ಅದರ ಮೇಲೆ ಹಲಗೆ ಜೋಡಿಸಿದ ಹಗ್ಗದ ಸೇತುವೆ. ಆ ತುದಿ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಹೊರಗೆ ಕಿಟಕಿಯಲ್ಲೂ ಅದೇ ಮಂಜು.

"ದಾಟಲ್ಲ ಅತ್ತೆ" ಎಂದಳು ಸುಮತಿ. ತುಂಬ ದಿನದ ಮೇಲೆ ಮಾತಾಡಿದವಳಂತೆ ದನಿ ಒಡೆದಿತ್ತು. "ಅಪ್ಪ ಈ ಪಾಲ ದಾಟಲ್ಲ."

ಪಾಲ ಎಂದರೆ ಇಲ್ಲಿ ಸೇತುವೆ. ಅವಳು ಗುಂಡಿ ಒತ್ತಿದಳು. ಭೋಜಣ್ಣ ಒಂದು ಕಾಲು ಹಲಗೆಯ ಮೇಲಿಟ್ಟರು. ಹಲಗೆ ಕಿರುಗುಟ್ಟಿತು. ಅವರು ಕಾಲು ಹಿಂದಕ್ಕೆ ತೆಗೆದು, ತಲೆ ತಿರುಗಿಸಿ ನಮ್ಮ ಕಡೆ ನೋಡಿದರು. ಕೆಳಗೆ ಅಕ್ಷರ ಮೂಡಿತು: ಧೈರ್ಯ ಸಾಲದು.

"ಧೈರ್ಯಕ್ಕೆ ಎಷ್ಟು ಹಾಕಿದ್ದೀಯ?"

"ಒಂದು."

"ಅಯ್ಯೋ ಹುಚ್ಚಿ, ಯಾಕೆ? ಆಟದಲ್ಲಿರೋ ಬಲಿಪೀಠದ ಹತ್ರ ಹೋದ್ರೆ ಅಂಕ ಮತ್ತೆ ಹಂಚಬಹುದು. ನಾನೇ ಎಷ್ಟೋ ಸಲ ಮಾಡಿದೀನಿ."

"ಗೊತ್ತು ಅತ್ತೆ. ಜಾಸ್ತಿ ಹಾಕಿದ್ರೆ ಚುಮ್ಮಾ ದಾಟಿಬಿಡ್ತಾರೆ. ಆದ್ರೆ ಅದು ಅಪ್ಪ ಅಲ್ಲ, ಬೇರೆ ಯಾರೋ. ಲ್ಯಾಬಲ್ಲಿ ರೀಡಿಂಗ್ ಚೆನ್ನಾಗಿಲ್ಲ ಅಂತ ನಾವು ಬೇರೆ ನಂಬರ್ ಬರೀತೀವಾ?" ಅವಳು ಕಣ್ಣೊರೆಸಿಕೊಳ್ಳಲಿಲ್ಲ, ಪರದೆಯಿಂದ ಕಣ್ಣು ತೆಗೆಯಲೂ ಇಲ್ಲ. "ಅವತ್ತು ಅಜ್ಜನ್ನ ಹೇಳೋಕೆ ಬಿಡಬೇಕಿತ್ತು. ನಾನು ತಡೆದೆ. ಅಪ್ಪ ಅಲ್ಲೂ ಹೀಗೇ ನಿಂತಿದ್ದಾರೆ. ನನಗೆ ಗೊತ್ತು. ಅದಕ್ಕೇ ಇಲ್ಲಾದ್ರೂ ಒಂದ್ಸಲ ದಾಟಿಸ್ಬೇಕು."

ಗುಣಕ್ಕೆ ಅಂಕ ಬೇಕೋ ಬೇಡವೋ ಎಂದು ಅಂಗಡಿಯಲ್ಲಿ ಕೂತು ಹರಟಿದವಳಿಗೆ, ನಿಜ ಬರೆದರೆ ಸೇತುವೆ ದಾಟದ, ಸುಳ್ಳು ಬರೆದರೆ ತಾನೇ ಆಗಿ ಉಳಿಯದ ಮನುಷ್ಯನ ಬಗ್ಗೆ ಹೇಳಲು ಒಂದು ಮಾತೂ ತೋಚಲಿಲ್ಲ. ಅವಳ ಕೈಯಿಂದ ಆಟದ ಹಿಡಿಯನ್ನು ತೆಗೆದುಕೊಂಡು ನಾನೂ ಒಮ್ಮೆ ಒತ್ತಿದೆ. ಭೋಜಣ್ಣ ಕಾಲಿಟ್ಟರು, ತೆಗೆದರು, ತಿರುಗಿದರು. ಅವರು ನನ್ನನ್ನು ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದ ಮಗಳನ್ನು ನೋಡಿದರು. ಪರದೆಯ ಬೊಂಬೆಗೆ ಪಕ್ಕ ಯಾವುದು, ಎದುರು ಯಾವುದು ಎಂದು ನೀವು ನಗಬಹುದು. ನಾನಂತೂ ಹಿಡಿಯನ್ನು ಅವಳ ಮಡಿಲಿಗೆ ಹಾಕಿಬಿಟ್ಟೆ.

ಅಷ್ಟರಲ್ಲಿ ಮಾದಿ ಟೀ ತಂದಳು. ನಮಗೆ ಕೊಟ್ಟು, ಪೆಟ್ಟಿಗೆ ಬಂದಾಗಿನಿಂದ ಆ ಕೋಣೆಯಲ್ಲಿ ಕೂರದವಳು ಬಂದು ಚಾಪೆಯ ತುದಿಯಲ್ಲಿ ಕೂತಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ.

"ನಾನು ಅಜ್ಜನ್ನ ಕೇಳ್ದೆ" ಎಂದಳು ನನಗೆ. "ಮಿಕ್ಕಿದ್ದನ್ನ ಈಗಾದ್ರೂ ಹೇಳಿ ಮುಗಿಸಿ ಅಂತ. ಹೆಣ ಎದುರಿಗಿಲ್ದೆ ಹೇಳಬಾರ್ದು ಅಂತಾರೆ." ಆಮೇಲೆ ಮೊದಲ ಬಾರಿಗೆ ತಲೆ ಎತ್ತಿ ಟೀವಿಯನ್ನು ನೇರವಾಗಿ ನೋಡಿದಳು. "ಎದುರಿಗೇ ನಿಂತಿದ್ದಾರಲ್ಲ. ಇನ್ನೇನು?"

"ಅವ್ವೆ, ಬೇಡ" ಎಂದಳು ಸುಮತಿ.

ಮಾದಿ ಕೇಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಶುರುಮಾಡಿದಳು. ಹೆಂಗಸರು ಇದನ್ನು ಹೇಳುವುದನ್ನು ನಾನು ಕೇಳಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ಎಷ್ಟು ಸಾವುಗಳಲ್ಲಿ ನಿಂತು ಕೇಳಿದ್ದಳೋ, ಎಲ್ಲೂ ತಡವರಿಸಲಿಲ್ಲ. ಗಡಿಕಲ್ಲು ಸರಿಸಿದ್ದು. ನಾನು "ಅದು ಪಾಪ" ಎಂದೆ. ಮೊದಲು ನನ್ನ ದನಿ ಒಂದೇ ಇತ್ತು, ನಾಚಿಕೆಯಾಯಿತು. ಪಕ್ಕದವರ ನೀರು ತಿರುಗಿಸಿದ್ದು. ಅಣ್ಣತಮ್ಮಂದಿರ ನಡುವೆ ತಂದಿಟ್ಟದ್ದು. ಬರಬರುತ್ತಾ ಸುಮತಿಯ ತುಟಿಯೂ ಅಲುಗಿತು. ಅಳತೆಯಲ್ಲಿ ಕಡಿಮೆ ಕೊಟ್ಟದ್ದು ಎಂದಾಗ, ಉಲ್ಲನ್ ತೂಗುವ ನನ್ನ ತಕ್ಕಡಿ ಕಣ್ಣೆದುರು ಬಂದು ನನ್ನ ದನಿ ತಾನಾಗಿ ಸಣ್ಣದಾಯಿತು. ಅಲ್ಲಿ ಹೇಳುತ್ತಿದ್ದದ್ದರಲ್ಲಿ ಭೋಜಣ್ಣ ಮಾಡಿದ್ದು ಎಷ್ಟು, ನಾನು ಮಾಡಿದ್ದು ಎಷ್ಟು? ಯಾರಿಗೂ ಇಷ್ಟು ಅಷ್ಟು ಎಂದು ಹಂಚದೆ, ಎಲ್ಲವನ್ನೂ ಎಲ್ಲರ ಮೇಲೂ ಹೊರಿಸಿ, ಆಮೇಲೆ ಎಲ್ಲವನ್ನೂ ಇಳಿಸಿಬಿಡುವ ಈ ಲೆಕ್ಕ ಯಾವ ಆಟದವರಿಗೂ ಹೊಳೆದಿಲ್ಲ ಎನ್ನಿಸಿತು. ಟೀವಿಯಲ್ಲಿ ಭೋಜಣ್ಣ ಸೇತುವೆಗೆ ಬೆನ್ನು ಮಾಡಿ ನಿಂತು ಉಸಿರಾಡುತ್ತಿದ್ದರು.

ಜೊತೆಯಲ್ಲಿ ಬಂದವರನ್ನು ನಡುದಾರಿಯಲ್ಲಿ ಬಿಟ್ಟು ಬಂದದ್ದು, ಎಂದಳು ಮಾದಿ.

ನಾನು "ಅದು" ಎಂದು ನಿಲ್ಲಿಸಿದೆ. ಸುಮತಿಯ ಮುಖ ಅವತ್ತು ಚೀರಿದಾಗಿನಂತೆಯೇ ಆಗಿತ್ತು. ಮಾದಿ ಅವಸರ ಮಾಡಲಿಲ್ಲ, ಕಾದಳು.

"ಎರಡನೇ ಕ್ಲಾಸಲ್ಲಿದ್ದೆ ಅತ್ತೆ" ಎಂದಳು ಸುಮತಿ, ನನ್ನ ಕಡೆ ತಿರುಗದೆ. "ಸ್ಕೂಲಿಂದ ಅಪ್ಪನ ಜೊತೆ ಬರ್ತಾ ಇದ್ದೆ. ತೋಟದ ತಿರುವಲ್ಲಿ ಕರಡಿ, ಮರಿ ಜೊತೆ. ಅಪ್ಪ ನನ್ನ ಕೈ ಬಿಟ್ಟು ಓಡಿಹೋದ್ರು. ನಾನು ಹಂಗೇ ನಿಂತಿದ್ದೆ. ಕರಡಿ ನನ್ನ ನೋಡ್ತು. ನೋಡಿ, ಪೊದೆಗೆ ಇಳಿದು ಹೋಯ್ತು. ಆಮೇಲೆ ಅಪ್ಪ ಜನ ಕರ್ಕೊಂಡು ತಗಡು ಬಡ್ಕೊಂಡು ಬಂದ್ರು. ಎತ್ಕೊಂಡ್ರು. ಏನೂ ಮಾತಾಡ್ಲಿಲ್ಲ. ಅವತ್ತಿಂದ ಸಾಯೋವರೆಗೂ ಯಾವ ದಾರೀಲೂ ನನ್ನ ಮುಂದೆ ನಡೀಲಿಲ್ಲ. ಹಿಂದೇನೇ ಬರ್ತಿದ್ರು. ನಾನು ಯಾರಿಗೂ ಹೇಳಿಲ್ಲ. ಅಜ್ಜ ಅದನ್ನೇ ಹೇಳ್ದಾಗ, ಎಲ್ಲಾರೂ ಪಾಪ ಅಂತಾರೆ, ನಾನೂ ಅನ್ನಬೇಕಾಗುತ್ತೆ ಅಂತ..."

ಮಾದಿ ಮಗಳ ಬೆನ್ನಿನ ಮೇಲೆ ಕೈಯಿಟ್ಟಳು.

"ನನಗೆ ಗೊತ್ತು ಮಗ. ಅವತ್ತೇ ಒಲೆ ಮುಂದೆ ಕೂತು ಹೇಳಿ ಅತ್ತಿದ್ರು. ನಿನಗೆ ನೆನಪಿರಬಾರ್ದು ಅಂತ ಕಾರಿಯಮ್ಮನ್ನ ಬೇಡ್ಕೊಂಡಿದ್ರು." ಆಮೇಲೆ ಮೊದಲಿನದೇ ದನಿಯಲ್ಲಿ ಮತ್ತೊಮ್ಮೆ ಹೇಳಿದಳು. "ಜೊತೆಯಲ್ಲಿ ಬಂದವರನ್ನ ನಡುದಾರೀಲಿ ಬಿಟ್ಟು ಬಂದದ್ದು."

"ಅದು ಪಾಪ" ಎಂದಳು ಸುಮತಿ.

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ನನಗೂ ಬಂತು. ಮಾದಿ ಮಾತ್ರ ಅಳದೆ ಉಳಿದ ಪಾಪಗಳನ್ನೆಲ್ಲ ಹೇಳಿ ಮುಗಿಸಿದಳು. ಒಂದನ್ನೂ ಬಿಡಲಿಲ್ಲ. ನಾವು ಅಳುತ್ತಲೇ ಪ್ರತಿಯೊಂದಕ್ಕೂ ಉತ್ತರ ಕೊಟ್ಟೆವು. ಕೊನೆಗೆ ಅವಳು ಎಲ್ಲ ಹೋಗಲಿ, ಹಾದಿ ಬಿಡಲಿ ಎಂದು ಕೈ ಜೋಡಿಸಿದಳು.

ಸುಮತಿ ಮೂಗೊರೆಸಿಕೊಂಡು ಗುಂಡಿ ಒತ್ತಿದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಪವಾಡವನ್ನೇ ಕಾದೆ. ಭೋಜಣ್ಣ ಹಲಗೆಯ ಮೇಲೆ ಕಾಲಿಟ್ಟರು. ತೆಗೆದರು. ಅಕ್ಷರ ಮೂಡಿತು.

"ಏನಂತೆ?" ಎಂದಳು ಇಂಗ್ಲಿಷ್ ಓದಲು ಬಾರದ ಮಾದಿ.

"ಅಪ್ಪನಿಗೆ ಧೈರ್ಯ ಸಾಲದಂತೆ ಅವ್ವೆ."

"ಅದನ್ನ ಈ ಪೆಟ್ಟಿಗೆ ಹೇಳಬೇಕಾ? ಬಯ ಇದ್ದೋರೂ ಹೋಗ್ಲೇಬೇಕಲ್ಲ. ಆರಿಸು ಮಗ, ಸಾಕು."

ಸುಮತಿ ಅಪ್ಪನ ಮುಖವನ್ನು ಇನ್ನೊಮ್ಮೆ ನೋಡಿದಳು. ಎದ್ದು ಹೋಗಿ ಪೆಟ್ಟಿಗೆಯನ್ನು ಆರಿಸಿ, ಟೀವಿಯ ಸ್ವಿಚ್ಚನ್ನೂ ತೆಗೆದಳು. ಕೋಣೆ ಕಪ್ಪಾಯಿತು. ಕಿಟಕಿಯ ಮಂಜಿನ ಬೆಳಕಷ್ಟೇ ಉಳಿಯಿತು.

ಆಗ ಹಲಗೆ ಕಿರುಗುಟ್ಟಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು, ತುಸು ದೂರದಲ್ಲಿ. ಮತ್ತೆ ಒಂದು, ಇನ್ನೂ ದೂರದಲ್ಲಿ, ಎಡಗಾಲನ್ನು ತುಸು ಎಳೆದು ಇಟ್ಟಂತೆ. ತಗಡಿನ ಮಾಡು ಬಿಸಿಲಿಳಿದ ಮೇಲೆ ಹಾಗೆ ಸದ್ದು ಮಾಡುತ್ತದೆ. ಆದರೆ ಆ ದಿನ ಬಿಸಿಲೇ ಬಂದಿರಲಿಲ್ಲ. ಸುಮತಿ ನನ್ನ ಕೈಯನ್ನು ಎಷ್ಟು ಬಲವಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ನೋಯುತ್ತಿತ್ತು. ಮೂವರೂ ಕೇಳುತ್ತಾ ಕೂತೆವು.

ಮಾದಿ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಎದ್ದಳು. ಕಪ್ಪಾಗಿದ್ದ ಟೀವಿಯ ಕಡೆ ತಿರುಗಿ, ಗಂಡ ಬೆಳಿಗ್ಗೆ ಎಲೆ ಹೊತ್ತು ಹೊರಟಾಗ ಹೇಳುವಂತೆ ಹೇಳಿದಳು.

"ಜಾರುತ್ತೆ. ನೋಡ್ಕೊಂಡು ಹೋಗಿ."